ಸ್ಕಾಟ್ಸ್ ನುಡಿಯ ‘ಸ್ಕ್ರೀವ್’: ಬರೆಯುವುದೇ, ಸರಾಗವಾಗಿ ಓಡುವುದೇ?

ಪ್ರಶ್ನೆ — ಕಾವ್ಯಾಸಕ್ತ

ಮಾನ್ಯರೇ,

ಸ್ಕಾಟ್ಲೆಂಡಿನ ರಾಬರ್ಟ್ ಬರ್ನ್ಸ್ ಕವಿಯ ರಚನೆಗಳನ್ನು ಮೂಲ ಸ್ಕಾಟ್ಸ್ ನುಡಿಯಲ್ಲಿಯೇ ಓದಲು ಪ್ರಯತ್ನಿಸುತ್ತಿದ್ದೇನೆ. 1786ರಲ್ಲಿ ಕಿಲ್ಮಾರ್ನಾಕ್ ಪಟ್ಟಣದಲ್ಲಿ ಅಚ್ಚಾದ ಅವನ ಮೊದಲ ಸಂಕಲನದಲ್ಲಿ ‘ಸ್ಕಾಚ್ ಡ್ರಿಂಕ್’ ಎಂಬ ಕವಿತೆಯಿದೆ. ಅನ್ನವು ಹೊಟ್ಟೆ ತುಂಬಿಸಿ ಜೀವವನ್ನು ಉಳಿಸುತ್ತದೆ, ಆದರೆ ದುಃಖದ ಭಾರ ಎಳೆಯುತ್ತ ಸಾಗುವ ಬದುಕು ಪಡೆಯತಕ್ಕ ಕೊಡುಗೆಯಲ್ಲ, ನೀನು ಎಣ್ಣೆ ಎರೆದರೆ ಮಾತ್ರ ಬಾಳಿನ ಗಾಲಿಗಳು ಇಳಿಜಾರಿನಲ್ಲಿ ‘ಸ್ಕ್ರೀವಿನ್’ ಸಾಗುತ್ತವೆ ಎಂದು ಕವಿ ಅಲ್ಲಿ ಮದ್ಯವನ್ನೇ ಉದ್ದೇಶಿಸಿ ಹೇಳುತ್ತಾನೆ. ನನ್ನ ಬಳಿಯ ಪ್ರತಿಯ ಪದಕೋಶದಲ್ಲಿ ಈ ಪದಕ್ಕೆ ‘ವೇಗವಾಗಿ, ಸರಾಗವಾಗಿ ಸಾಗು’ ಎಂಬ ಅರ್ಥ ಕೊಟ್ಟಿದ್ದಾರೆ. ಸಂದರ್ಭಕ್ಕೆ ಅದು ಸರಿಯಾಗಿಯೇ ಹೊಂದುತ್ತದೆ.

ನನ್ನ ಗೊಂದಲ ಶುರುವಾದದ್ದು ಬೇರೆ ಕಡೆಯಿಂದ. ಎಡಿನ್‌ಬರೋದಲ್ಲಿರುವ ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯವು 2015ರಲ್ಲಿ ‘ಸ್ಕಾಟ್ಸ್ ಸ್ಕ್ರೀವರ್’ ಎಂಬ ಹುದ್ದೆಯೊಂದನ್ನು ಆರಂಭಿಸಿ, ಸ್ಕಾಟ್ಸ್ ನುಡಿಯಲ್ಲಿ ಹೊಸ ಬರಹಗಳನ್ನು ರಚಿಸಲು ಒಬ್ಬ ಲೇಖಕರನ್ನು ನೇಮಿಸಿತು ಎಂದು ಓದಿದೆ. ಇಲ್ಲಿ ‘ಸ್ಕ್ರೀವರ್’ ಎಂದರೆ ಬರಹಗಾರ, ‘ಸ್ಕ್ರೀವ್’ ಎಂದರೆ ಬರೆಯುವುದು. ಹಾಗಾದರೆ ಬರ್ನ್ಸ್ ಬಳಸಿದ ಪದವೂ ಇದೂ ಒಂದೆಯೇ? ಒಂದೇ ಆಗಿದ್ದರೆ ಬರೆಯುವ ಕ್ರಿಯೆಯಿಂದ ಓಡುವ ಕ್ರಿಯೆಗೆ ಅರ್ಥವು ಹೇಗೆ ಜಾರಿತು? ಬೇರೆಯಾಗಿದ್ದರೆ ಎರಡರ ಮೂಲಗಳೇನು? ಇಂಗ್ಲಿಷಿಗೆ ಇಷ್ಟು ಹತ್ತಿರದ ನುಡಿಯಾಗಿಯೂ ಸ್ಕಾಟ್ಸ್ ‘ರೈಟ್’ ಎಂಬ ಪದವನ್ನು ಬಿಟ್ಟು ಇನ್ನೊಂದನ್ನು ಹಿಡಿದದ್ದು ಏಕೆ? ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ 1 — ನಿಘಂಟು ಓದುಗ

ಕಾವ್ಯಾಸಕ್ತರೇ, ನಿಮ್ಮ ಮೊದಲ ಸಂದೇಹಕ್ಕೆ ನೇರ ಉತ್ತರವಿದೆ. ಸ್ಕಾಟ್ಸ್ ನಿಘಂಟುಗಳು ಇವನ್ನು ಎರಡು ಪ್ರತ್ಯೇಕ ಪದಗಳೆಂದು ಬೇರೆ ಬೇರೆ ನಮೂದುಗಳಲ್ಲಿ ಕೊಡುತ್ತವೆ. ಬರ್ನ್ಸ್‌ನ ಗಾಲಿಗಳಿಗೆ ಸಂಬಂಧಿಸಿದ ‘ಸ್ಕ್ರೀವ್’ ಪದದ ಹಿಂದೆ, ದಾಪುಗಾಲು ಹಾಕುವುದು ಎಂಬ ಅರ್ಥದ, ಸ್ಕ್ಯಾಂಡಿನೇವಿಯಾದ ಹಿಂದಿನ ನುಡಿಯಾದ ಹಳೆಯ ನಾರ್ಸ್‌ನ ಕ್ರಿಯಾಪದ ‘ಸ್ಕ್ರೆಫಾ’ ಇದ್ದಿರಬಹುದೆಂದು ನಿರುಕ್ತಕಾರರು ಊಹಿಸುತ್ತಾರೆ. ಕಿರ್ಕ್ ಎಂದರೆ ಚರ್ಚು, ಗೇಟ್ ಎಂದರೆ ಬೀದಿ ಎಂಬಂತಹ ಎಷ್ಟೋ ನಿತ್ಯದ ಪದಗಳು ನಾರ್ಸ್ ಮಾತನಾಡುತ್ತಿದ್ದವರಿಂದಲೇ ಸ್ಕಾಟ್ಸ್‌ಗೆ ಬಂದಿರುವುದರಿಂದ ಈ ಊಹೆ ದೂರದ್ದೇನೂ ಅಲ್ಲ.

ಬರೆಯುವ ‘ಸ್ಕ್ರೀವ್’ ಪದದ ಮೂಲ ಲ್ಯಾಟಿನ್ನಿನ ‘ಸ್ಕ್ರೀಬೆರೆ’. ಅದು ಸ್ಕಾಟ್ಲೆಂಡಿಗೆ ಬಂದ ದಾರಿ ಯಾವುದೆಂಬುದು ಕುತೂಹಲದ ಸಂಗತಿ, ಏಕೆಂದರೆ ಎರಡು ದಾರಿಗಳು ತೆರೆದಿದ್ದವು. ಮೊದಲನೆಯದು ಹಳೆಯ ಫ್ರೆಂಚಿನ ‘ಎಸ್ಕ್ರಿವ್ರ್’, ಅಂದರೆ ಇಂದಿನ ಫ್ರೆಂಚಿನ ‘ಎಕ್ರೀರ್’. ಇಂಗ್ಲೆಂಡಿನ ವಿರುದ್ಧ ಸ್ಕಾಟ್ಲೆಂಡ್ ಮತ್ತು ಫ್ರಾನ್ಸ್ 1295ರಲ್ಲಿ ಮಾಡಿಕೊಂಡ ಮೈತ್ರಿ ಶತಮಾನಗಳ ಕಾಲ ಉಳಿಯಿತು. ದೊಡ್ಡ ತಟ್ಟೆಗೆ ‘ಆಶೆಟ್’, ಬೇಸರಪಡುವುದಕ್ಕೆ ‘ಫ್ಯಾಶ್’, ಬಟ್ಟಲಿಗೆ ‘ಟ್ಯಾಸಿ’ ಎಂಬ ಸ್ಕಾಟ್ಸ್ ಪದಗಳಲ್ಲಿ ಫ್ರೆಂಚ್ ನೇರವಾಗಿ ಕಾಣಿಸುತ್ತದೆ. ಎರಡನೆಯ ದಾರಿ ಮಧ್ಯಕಾಲದ ಡಚ್ಚಿನ ‘ಸ್ಕ್ರೀವೆನ್’. ಸ್ಕಾಟ್ಲೆಂಡಿನ ಉಣ್ಣೆ ಮತ್ತು ಚರ್ಮ ಮೊದಲು ಫ್ಲಾಂಡರ್ಸಿನ ಬ್ರೂಜ್ ಪೇಟೆಗೂ 16ನೇ ಶತಮಾನದಲ್ಲಿ ನೆದರ್ಲೆಂಡ್ಸ್‌ನ ಝೀಲೆಂಡ್ ಪ್ರಾಂತದ ವೀರೆ ಬಂದರಿಗೂ ಹೋಗುತ್ತಿದ್ದವು, ಅಲ್ಲಿ ಸ್ಕಾಟಿಷ್ ವ್ಯಾಪಾರಿಗಳಿಗೆ ತಮ್ಮದೇ ಸೌಲಭ್ಯಗಳಿದ್ದವು. ಪತ್ರ, ಲೆಕ್ಕ, ರಸೀದಿಗಳ ನಡುವೆ ಬಾಳುವ ಜನರ ಬಾಯಿಯಿಂದ ಬರೆಯುವ ಪದವೊಂದು ತಾಯ್ನಾಡಿಗೆ ಬರುವುದು ಸಹಜ. ಎರಡೂ ದಾರಿಗಳಿಂದ ಬಂದು ಒಂದು ಇನ್ನೊಂದನ್ನು ಗಟ್ಟಿಗೊಳಿಸಿತೆಂದು ನಾನು ಎಣಿಸುತ್ತೇನೆ.

ಇನ್ನು ‘ರೈಟ್’ ಪದದ ವಿಚಾರ. ಜರ್ಮನಿಕ್ ನುಡಿಗಳಲ್ಲಿ ಇಂಗ್ಲಿಷ್ ಇಲ್ಲಿ ಒಂಟಿಯಾಗಿ ನಿಂತಿದೆ. ಜರ್ಮನ್, ಡಚ್, ಸ್ವೀಡಿಷ್ ಎಲ್ಲವೂ ಬರೆಯುವ ಕ್ರಿಯೆಗೆ ಲ್ಯಾಟಿನ್ ಪದವನ್ನೇ ತೆಗೆದುಕೊಂಡು ‘ಶ್ರೈಬೆನ್’, ‘ಸ್ಕ್ರೈವೆನ್’, ‘ಸ್ಕ್ರೀವಾ’ ಎಂಬ ರೂಪಗಳನ್ನು ಬಳಸುತ್ತವೆ. ಇಂಗ್ಲಿಷಿನ ಪೂರ್ವಜರು ಮಾತ್ರ ಕೊರೆಯುವುದು, ಗೀರುವುದು ಎಂಬ ಅರ್ಥದ ತಮ್ಮ ಹಳೆಯ ‘ವ್ರೀಟನ್’ ಪದವನ್ನು ಮಸಿಯ ಬರಹಕ್ಕೂ ಮುಂದುವರಿಸಿದರು. ಅವರು ಲ್ಯಾಟಿನ್ ಪದವನ್ನು ಪಡೆಯಲಿಲ್ಲವೆಂದಲ್ಲ. ಪಡೆದು ಬೇರೆ ಕೆಲಸಕ್ಕೆ ಹಚ್ಚಿದರು. ಪಾಪ ನಿವೇದನೆ ಮಾಡಿಕೊಂಡವನಿಗೆ ಪಾದ್ರಿಯು ಪ್ರಾಯಶ್ಚಿತ್ತವನ್ನು ವಿಧಿಸುವುದು ‘ಶ್ರೈವ್’ ಆಯಿತು, ಉಪವಾಸ ಕಾಲದ ಹಿಂದಿನ ‘ಶ್ರೋವ್ ಮಂಗಳವಾರ’ದಲ್ಲಿ ಅದರ ಗುರುತು ಇಂದಿಗೂ ಉಳಿದಿದೆ. ಇತ್ತ ಸ್ಕಾಟ್ಲೆಂಡಿನ ಇನ್ನೊಂದು ನುಡಿಯಾದ ಗೇಲಿಕ್‌ನಲ್ಲಿ ಬರೆಯುವುದಕ್ಕೆ ‘ಸ್ಗ್ರೀವ್’ ಎನ್ನುತ್ತಾರೆ. ಅದೂ ಲ್ಯಾಟಿನ್ ಮೂಲದ್ದೇ, ಆದರೆ ಅದು ಬಂದದ್ದು ವ್ಯಾಪಾರಿಗಳಿಂದಲ್ಲ, 563ರಲ್ಲಿ ಅಯೋನಾ ದ್ವೀಪಕ್ಕೆ ಬಂದಿಳಿದ ಸಂತ ಕೊಲಂಬನಂತಹ ಐರಿಷ್ ಸಂನ್ಯಾಸಿಗಳ ಪರಂಪರೆಯಿಂದ. ಹೀಗೆ ಒಂದೇ ಲ್ಯಾಟಿನ್ ಧಾತು ಒಂದೇ ದೇಶಕ್ಕೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಜನರ ಕೈಯಲ್ಲಿ ಬಂದಿದೆ.

ಸ್ಕಾಟ್ಸ್ ‘ರೈಟ್’ ಪದವನ್ನು ಬಿಟ್ಟಿತು ಎಂಬ ನಿಮ್ಮ ಗ್ರಹಿಕೆಯನ್ನು ಮಾತ್ರ ಒಪ್ಪಲಾರೆ. ಹಳೆಯ ಸ್ಕಾಟ್ಸ್ ಕಾಗದಪತ್ರಗಳಲ್ಲಿ ಬರೆಯುವ ಸಾಮಾನ್ಯ ಕ್ರಿಯಾಪದ ‘ರೈಟ್’ ಪದದ ರೂಪಗಳೇ ಆಗಿವೆ, ಕೈಬರಹಕ್ಕೆ ‘ಹ್ಯಾಂಡ್ ಓ ರೈಟ್’ ಎಂಬ ಸೊಗಸಾದ ನುಡಿಗಟ್ಟೂ ಇದೆ. ‘ಸ್ಕ್ರೀವ್’ ಅದರ ಪಕ್ಕದಲ್ಲಿದ್ದ ಪದ. ಆಧುನಿಕ ಸ್ಕಾಟ್ಸ್ ನಿಘಂಟುಗಳು ಅದಕ್ಕೆ ಬರೆಯುವುದು, ವಿಶೇಷವಾಗಿ ಸಲೀಸಾಗಿ ಮತ್ತು ಹೇರಳವಾಗಿ ಬರೆಯುವುದು ಎಂಬ ಅರ್ಥವನ್ನು ಕೊಡುತ್ತವೆ. ನಾಮಪದವಾದಾಗ ಅದು ಪತ್ರ, ಬರಹ, ಕೈಬರಹ ಎಲ್ಲವೂ ಆಗುತ್ತದೆ. ಈ ‘ಸಲೀಸಾಗಿ’ ಎಂಬ ಛಾಯೆ ಎಲ್ಲಿಂದ ಬಂತು ಎಂದು ಯೋಚಿಸಿದಾಗ ನಿಮ್ಮ ಸಂದೇಹ ಪೂರ್ತಿ ನಿರಾಧಾರವಲ್ಲ ಎನ್ನಿಸುತ್ತದೆ. ಮೂಲ ಬೇರೆಯಾದರೂ ಉಚ್ಚಾರ ಒಂದೇ ಆದ ಎರಡು ಪದಗಳು ಒಂದೇ ಜನರ ನಾಲಿಗೆಯ ಮೇಲೆ ಬಹುಕಾಲ ಇದ್ದರೆ ಒಂದರ ಬಣ್ಣ ಇನ್ನೊಂದಕ್ಕೆ ತಾಗುತ್ತದೆ. ತಡೆಯಿಲ್ಲದೆ ಉರುಳುವ ಗಾಲಿಯ ಪದ, ತಡೆಯಿಲ್ಲದೆ ಓಡುವ ಲೇಖನಿಯ ಪದಕ್ಕೆ ತನ್ನ ವೇಗವನ್ನು ಕೊಟ್ಟಿರಬಹುದು. ಇದು ನನ್ನ ಅನುಮಾನವೇ ಹೊರತು ನಿಘಂಟಿನ ತೀರ್ಪಲ್ಲ.

ನೀವು ಬರ್ನ್ಸ್ ಓದುತ್ತಿರುವುದರಿಂದ ಇನ್ನೊಂದು ಸಂಗತಿಯನ್ನು ಸೇರಿಸುತ್ತೇನೆ. ಅದೇ ಸಂಕಲನದಲ್ಲಿ ಆಕಿಲ್ಟ್ರಿ ಊರಿನ ಗೆಳೆಯ ವಿಲಿಯಂ ಸಿಂಪ್ಸನ್‌ಗೆ ಬರೆದ ಪದ್ಯಪತ್ರವೊಂದಿದೆ. ಲೋಕದವರು ದುಡಿದು ಹೆಣಗಲಿ, ನಾನು ಪ್ರಕೃತಿಯ ಸುಂದರ ಮುಖವನ್ನು ವರ್ಣಿಸುತ್ತೇನೆ ಎನ್ನುವಾಗ ಕವಿ ಬಳಸುವ ಪದ ‘ಡಿಸ್ಕ್ರೈವ್’. ಇದು ಹಳೆಯ ಫ್ರೆಂಚಿನ ‘ಡೆಸ್ಕ್ರಿವ್ರ್’ ಪದದಿಂದ ಬಂದ, ‘ಸ್ಕ್ರೀಬೆರೆ’ ಕುಟುಂಬದ ಪದ. ಅಲ್ಲಿ ಅದು ‘ಡ್ರೈವ್’, ‘ಸ್ಟ್ರೈವ್’, ‘ಹೈವ್’ ಪದಗಳೊಡನೆ ಪ್ರಾಸವಾಗುತ್ತದೆ. ‘ಸ್ಕಾಚ್ ಡ್ರಿಂಕ್’ ಕವಿತೆಯ ‘ಸ್ಕ್ರೀವಿನ್’ ಆದರೋ ‘ಲೀವಿನ್’, ‘ರಿಸೀವಿನ್’, ‘ಗ್ರೀವಿನ್’ ಪದಗಳೊಡನೆ ಸೇರುತ್ತದೆ. ಒಂದರಲ್ಲಿ ‘ಐ’ ಧ್ವನಿ, ಇನ್ನೊಂದರಲ್ಲಿ ‘ಈ’ ಧ್ವನಿ. ಇದೊಂದರಿಂದಲೇ ಎರಡರ ಮೂಲ ಬೇರೆಯೆಂದು ಸಾಧಿಸಲಾಗದು, ಏಕೆಂದರೆ ಬರೆಯುವ ‘ಸ್ಕ್ರೀವ್’ ಪದಕ್ಕೂ ‘ಈ’ ಧ್ವನಿಯೇ ಇದೆ. ಆದರೂ ಒಬ್ಬನೇ ಕವಿಯ ಒಂದೇ ಪುಸ್ತಕದಲ್ಲಿ ಇವು ದೂರ ದೂರ ನಿಂತಿರುವುದನ್ನು ಕಿವಿಯಿಂದಲೇ ಗುರುತಿಸಬಹುದು.

ಉತ್ತರ 2 — ಯಂತ್ರಶಾಲೆ

ಸಾಹಿತ್ಯದ ಕಡೆಯಿಂದ ಹೇಳಬೇಕಾದುದನ್ನು ನಿಘಂಟು ಓದುಗರು ಹೇಳಿದ್ದಾರೆ. ಈ ಪದಕ್ಕೆ ಕಾಗದದ ಹೊರಗೂ ಒಂದು ಬದುಕಿತ್ತು, ಅದು ಹಡಗು ಕಟ್ಟುವ ಅಂಗಳಗಳಲ್ಲಿ.

ಗ್ಲಾಸ್ಗೋ ಬಳಿಯ ಕ್ಲೈಡ್ ನದಿಯ ದಡದಲ್ಲಿ ಜಾನ್ ಬ್ರೌನ್, ಫೇರ್‌ಫೀಲ್ಡ್ ಮುಂತಾದ ಅಂಗಳಗಳು ಕಬ್ಬಿಣ ಮತ್ತು ಉಕ್ಕಿನ ಹಡಗುಗಳನ್ನು ಕಟ್ಟುತ್ತಿದ್ದ ಕಾಲದಲ್ಲಿ, ಹಡಗಿನ ನಕ್ಷೆಯನ್ನು ಚಿಕ್ಕ ಅಳತೆಯಲ್ಲಿ ಬರೆದಷ್ಟಕ್ಕೆ ಕೆಲಸ ನಡೆಯುತ್ತಿರಲಿಲ್ಲ. ಹಡಗಿನ ಪಕ್ಕೆಲುಬುಗಳಂತಿರುವ ಚೌಕಟ್ಟುಗಳನ್ನು ನಾವು ವರ್ಕ್‌ಶಾಪಿನವರು ‘ಫ್ರೇಮ್’ ಎನ್ನುತ್ತೇವೆ. ಅವುಗಳಲ್ಲಿ ಒಂದೊಂದರ ಬಾಗೂ ಬೇರೆ ಬೇರೆ. ಆದ್ದರಿಂದ ನಕ್ಷೆಯನ್ನು ಮೊದಲು ‘ಮೋಲ್ಡ್ ಲಾಫ್ಟ್’ ಎಂಬ ವಿಶಾಲವಾದ ಅಟ್ಟದ ನೆಲದ ಮೇಲೆ ನಿಜವಾದ ಅಳತೆಯಲ್ಲಿ ಎಳೆದು ವಕ್ರರೇಖೆಗಳ ಓರೆಕೋರೆಗಳನ್ನು ತಿದ್ದುತ್ತಿದ್ದರು. ಬಳಿಕ ಅದನ್ನು ಕುಲುಮೆಯ ಸಮೀಪ ಹಾಸಿದ್ದ ದೊಡ್ಡ ಮರದ ಹಲಗೆಯ ಮೇಲೆ ಇಳಿಸುತ್ತಿದ್ದರು. ಕಪ್ಪು ಬಣ್ಣ ಬಳಿದ ಆ ಹಲಗೆಗೆ ‘ಸ್ಕ್ರೀವ್ ಬೋರ್ಡ್’ ಎಂದು ಹೆಸರು.

ಅಲ್ಲಿ ಸೀಮೆಸುಣ್ಣದ ಗೆರೆ ನಿಲ್ಲುವುದಿಲ್ಲ, ಏಕೆಂದರೆ ಕೆಲಸಗಾರರು ಇಡೀ ದಿನ ಅದರ ಮೇಲೆಯೇ ಓಡಾಡಬೇಕು, ಕಬ್ಬಿಣದ ಸರಳುಗಳನ್ನು ಎಳೆದಾಡಬೇಕು. ಅದಕ್ಕಾಗಿ ಗೆರೆಗಳನ್ನು ವಿಶೇಷವಾದ ಚಾಕುವಿನಿಂದ ಮರದೊಳಗೆ ಕೊರೆಯುತ್ತಿದ್ದರು. ಹಾಗೆ ಕೊರೆಯುವ ಕ್ರಿಯೆಯೇ ‘ಸ್ಕ್ರೀವಿಂಗ್’, ಆ ಚಾಕು ‘ಸ್ಕ್ರೀವ್ ನೈಫ್’. ಬಳಿಕ ಮೆತ್ತನೆಯ ಕಬ್ಬಿಣದ ಒಂದು ಸರಳನ್ನು ಕೊರೆದ ಗೆರೆಗೆ ಹೊಂದುವಂತೆ ಬಾಗಿಸಿ, ಅದನ್ನು ಪಕ್ಕದಲ್ಲಿದ್ದ ತೂತುಗಳುಳ್ಳ ದಪ್ಪ ಎರಕದ ಹಾಸಿನ ಮೇಲಿಟ್ಟು, ಅದರ ಉದ್ದಕ್ಕೂ ಗೂಟಗಳನ್ನು ಜಡಿದು, ಕುಲುಮೆಯಿಂದ ಕೆಂಪಗೆ ಕಾದ ಉಕ್ಕಿನ ಪಟ್ಟಿಯನ್ನು ಎಳೆದು ತಂದು ಗೂಟಗಳ ಗುಂಟ ಬಾಗಿಸುತ್ತಿದ್ದರು. ಲೋಹ ತಣಿಯುವುದರೊಳಗೆ ಬಾಗು ಮುಗಿಯಬೇಕಾದ್ದರಿಂದ ಬಹಳ ಜನರ ಕೈ ಒಟ್ಟಿಗೆ ಓಡಬೇಕಾದ ಕೆಲಸ ಅದು. ತಣಿದ ಮೇಲೆ ಪಟ್ಟಿಯನ್ನು ಮತ್ತೆ ಸ್ಕ್ರೀವ್ ಬೋರ್ಡಿನ ಗೆರೆಗೆ ಹಿಡಿದು ನೋಡುತ್ತಿದ್ದರು. 20ನೇ ಶತಮಾನದ ನಡುವಿನ ಬಳಿಕ ಹತ್ತನೇ ಒಂದು ಅಳತೆಯ ನಕ್ಷೆಗಳೂ ಮುಂದೆ ಕಂಪ್ಯೂಟರ್ ನಿಯಂತ್ರಿತ ಯಂತ್ರಗಳೂ ಬಂದು ಈ ಹಲಗೆಗಳು ಮೂಲೆ ಸೇರಿದವು.

ಭಾಷೆಯ ದೃಷ್ಟಿಯಿಂದ ನನಗೆ ಇದು ಮುಖ್ಯವೆನಿಸಲು ಕಾರಣವಿದೆ. ಲ್ಯಾಟಿನ್ ‘ಸ್ಕ್ರೀಬೆರೆ’ ಪದಕ್ಕೂ ಹಿಂದಿನ ಧಾತುವಿನ ಅರ್ಥ ಗೀರುವುದು, ಕೊರೆಯುವುದು. ಸಂಸ್ಕೃತದ ‘ಲಿಖ್’ ಧಾತುವಿಗೂ ಗೀರುವುದೆಂಬ ಅರ್ಥವಿದೆ, ಕಂಟದಿಂದ ತಾಳೆಗರಿಯನ್ನು ಗೀರಿ ಬರೆದವರ ನಾಡಿನ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪುಸ್ತಕಗಳಲ್ಲಿ ಮಸಿಯ ಬರಹವಾಗಿ ಬದಲಾದ ಪದ ಹಡಗು ಕಟ್ಟೆಯಲ್ಲಿ ತನ್ನ ಅತ್ಯಂತ ಹಳೆಯ ಅರ್ಥದಲ್ಲಿಯೇ ದುಡಿಯುತ್ತಿತ್ತು. ನಮ್ಮ ಐಟಿಐಗಳಲ್ಲಿ ಫಿಟ್ಟರ್ ಕಲಿಯುವ ಹುಡುಗರ ಕೈಗೆ ಮೊದಲು ಬರುವ ಉಪಕರಣಗಳಲ್ಲಿ ‘ಸ್ಕ್ರೈಬರ್’ ಒಂದು. ಲೋಹದ ತಗಡಿನ ಮೇಲೆ ಮಾರ್ಕಿಂಗ್ ಮಾಡಲು ಗೆರೆ ಗೀರುವ ಆ ಚೂಪು ಮೊನೆಯ ಕಡ್ಡಿಯ ಹೆಸರೂ ಇದೇ ಲ್ಯಾಟಿನ್ ಧಾತುವಿನಿಂದ ಬಂದದ್ದು.

ಉತ್ತರ 3 — ದಸ್ತಾವೇಜು

ನಿಘಂಟು ಓದುಗರು ‘ರೈಟ್’ ಪದವೇ ಸಾಮಾನ್ಯ ಬಳಕೆಯಲ್ಲಿತ್ತು ಎಂದದ್ದಕ್ಕೆ ಪೂರಕವಾಗಿ ನ್ಯಾಯಾಲಯದ ಕಡೆಯಿಂದ ಒಂದು ಮಾತು. ಸ್ಕಾಟ್ಲೆಂಡಿನಲ್ಲಿ ‘ರೈಟರ್’ ಎಂದರೆ ಬಹುಕಾಲ ಸಾಹಿತಿ ಎಂದಾಗಿರಲಿಲ್ಲ, ಅದು ಕಾಗದಪತ್ರ ಸಿದ್ಧಪಡಿಸುವ ವಕೀಲನ ಹೆಸರಾಗಿತ್ತು. 18ನೇ ಶತಮಾನದ ಸ್ಕಾಟಿಷ್ ಪತ್ರಗಳಲ್ಲಿ ಒಬ್ಬ ವ್ಯಕ್ತಿಯನ್ನು ಇಂತಹ ಊರಿನ ರೈಟರ್ ಎಂದು ಕರೆದಿದ್ದರೆ ಅವನು ಕಾದಂಬರಿ ಬರೆಯುತ್ತಿದ್ದನೆಂದು ತಿಳಿಯಬಾರದು, ಕ್ರಯಪತ್ರ ಬರೆಯುತ್ತಿದ್ದನೆಂದು ತಿಳಿಯಬೇಕು.

ಇವರಲ್ಲಿ ಮೇಲಿನ ಸ್ಥಾನ ‘ರೈಟರ್ ಟು ದ ಸಿಗ್ನೆಟ್’ ಎಂಬ ಬಿರುದಿನವರದು. ಸಿಗ್ನೆಟ್ ಎಂದರೆ ಸ್ಕಾಟ್ಲೆಂಡಿನ ದೊರೆಯ ಖಾಸಗಿ ಮುದ್ರೆ, ಆ ಮುದ್ರೆ ಬೀಳಬೇಕಾದ ಪತ್ರಗಳನ್ನು ಸಿದ್ಧಪಡಿಸುವ ಅಧಿಕಾರ ಇವರಿಗೆ ಮೀಸಲಾಗಿತ್ತು. 1594ರಲ್ಲಿ ರೂಪುಗೊಂಡ ಇವರ ಸಂಘ ಇಂದಿಗೂ ಇದೆ, ಎಡಿನ್‌ಬರೋದ ಪಾರ್ಲಿಮೆಂಟ್ ಚೌಕದ ಸಿಗ್ನೆಟ್ ಗ್ರಂಥಾಲಯ ಅವರದೇ. ಸದಸ್ಯರು ಹೆಸರಿನ ಕೊನೆಯಲ್ಲಿ ‘ಡಬ್ಲ್ಯು.ಎಸ್.’ ಎಂದು ಬರೆದುಕೊಳ್ಳುತ್ತಾರೆ. ಕಾದಂಬರಿಕಾರ ಸರ್ ವಾಲ್ಟರ್ ಸ್ಕಾಟನ ತಂದೆ ಇಂತಹ ಒಬ್ಬ ಡಬ್ಲ್ಯು.ಎಸ್. ಆಗಿದ್ದ, ಮಗನೂ ತಂದೆಯ ಕಚೇರಿಯಲ್ಲಿಯೇ ಪತ್ರಗಳನ್ನು ನಕಲು ಮಾಡುತ್ತ ಶಿಷ್ಯವೃತ್ತಿ ಮಾಡಿ, 1792ರಲ್ಲಿ ನ್ಯಾಯಾಲಯದಲ್ಲಿ ವಾದಿಸುವ ಅಡ್ವೊಕೇಟ್ ಆದ. ಸ್ಕಾಟ್ ಮನೆತನದಲ್ಲಿ ಹಳೆಯ ಅರ್ಥದ ರೈಟರ್ ಯಾರು ಎಂದು ಕೇಳಿದರೆ ಉತ್ತರ ತಂದೆಯೇ ಆಗಬೇಕಾಗುತ್ತದೆ.

ನಮ್ಮಲ್ಲಿಯೂ ಪೊಲೀಸ್ ಠಾಣೆಯ ದಾಖಲೆ ನೋಡಿಕೊಳ್ಳುವವರನ್ನು ‘ರೈಟರ್’ ಎನ್ನುತ್ತಾರೆ, ಉಪನೋಂದಣಾಧಿಕಾರಿಯ ಕಚೇರಿಯ ಎದುರು ಪತ್ರ ಬರಹಗಾರರು ಕುಳಿತಿರುತ್ತಾರೆ. ಠಾಣೆಯ ಬಳಕೆಯ ಹಿಂದೆ ಇರುವುದು ಗುಮಾಸ್ತ ಎಂಬ ಇಂಗ್ಲಿಷ್ ಅರ್ಥ. ಈಸ್ಟ್ ಇಂಡಿಯಾ ಕಂಪನಿಯ ಅತ್ಯಂತ ಕೆಳಗಿನ ದರ್ಜೆಯ ನೌಕರನೂ ಇದೇ ಅರ್ಥದಲ್ಲಿ ‘ರೈಟರ್’ ಆಗಿದ್ದ. ಸ್ಕಾಟ್ಲೆಂಡಿನ ವಕೀಲಿ ಅರ್ಥವನ್ನು ಇದರೊಂದಿಗೆ ಬೆರೆಸಬಾರದು.

ಇದರಿಂದ ‘ಸ್ಕ್ರೀವರ್’ ಪದದ ಇಂದಿನ ಬಳಕೆಯೂ ಸ್ವಲ್ಪ ತಿಳಿಯಾಗುತ್ತದೆ. ‘ರೈಟರ್’ ಪದವನ್ನು ವಕೀಲರು ಹಿಡಿದುಕೊಂಡಿದ್ದರು. ಕವಿಗೆ ‘ಮಾಕರ್’, ಅಂದರೆ ಕಟ್ಟುವವನು, ಎಂಬ ಗೌರವದ ಪದ ಬೇರೆಯೇ ಇತ್ತು. 16ನೇ ಶತಮಾನದ ಆರಂಭದಲ್ಲಿ ವಿಲಿಯಂ ಡನ್‌ಬಾರ್ ಸತ್ತುಹೋದ ಕವಿಗಳಿಗಾಗಿ ಬರೆದ ಶೋಕಗೀತೆಯಲ್ಲಿ ಅವರನ್ನು ಕರೆದದ್ದು ಹಾಗೆಯೇ. 2004ರಲ್ಲಿ ಎಡ್ವಿನ್ ಮಾರ್ಗನ್ ಅವರನ್ನು ರಾಷ್ಟ್ರಕವಿಯಾಗಿ ನೇಮಿಸಿದಾಗಲೂ ಸ್ಕಾಟ್ಲೆಂಡ್ ಆ ಹೆಸರನ್ನೇ ಬಳಸಿತು. ಗದ್ಯ, ಪದ್ಯ, ನಾಟಕ ಎಲ್ಲವನ್ನೂ ಬರೆಯುವ ಲೇಖಕರಿಗೆ ಮಾತ್ರ ಒಂದು ಪದ ಬೇಕಾಗಿತ್ತು.

ಮರುಪ್ರಶ್ನೆ — ಕಾವ್ಯಾಸಕ್ತ

ಮೂವರಿಗೂ ಕೃತಜ್ಞತೆಗಳು. ದಸ್ತಾವೇಜು ಅವರ ಕೊನೆಯ ಮಾತು ನನ್ನನ್ನು ಇನ್ನೊಂದು ಪ್ರಶ್ನೆಗೆ ತಂದು ನಿಲ್ಲಿಸಿದೆ. ಬರೆಯುವ ಸಾಮಾನ್ಯ ಪದ ‘ರೈಟ್’ ಆಗಿದ್ದು, ‘ಸ್ಕ್ರೀವ್’ ಕೇವಲ ಸಲೀಸಾಗಿ ಗೀಚುವ ಪದವಾಗಿದ್ದರೆ, ರಾಷ್ಟ್ರೀಯ ಗ್ರಂಥಾಲಯದ ಹುದ್ದೆಗೆ ಅದನ್ನು ಆರಿಸಿದ್ದು ಹಳೆಯ ಪದವೊಂದಕ್ಕೆ ಇಲ್ಲದ ಘನತೆಯನ್ನು ಹೊದಿಸಿದಂತಾಗಲಿಲ್ಲವೇ? ಮತ್ತೊಂದು ಚಿಕ್ಕ ವಿಷಯ: ಲಂಡನ್ನಿನ ಬೀದಿ ಬದಿಯ ಕಲ್ಲುಹಾಸಿನ ಮೇಲೆ ಸೀಮೆಸುಣ್ಣದಿಂದ ಚಿತ್ರ ಬರೆದು ಕಾಸು ಬೇಡುವವರನ್ನು ‘ಸ್ಕ್ರೀವರ್’ ಎನ್ನುತ್ತಿದ್ದರಂತೆ. ಅದು ಸ್ಕಾಟ್ಲೆಂಡಿನಿಂದ ಹೋದ ಪದವೇ?

ಉತ್ತರ 4 — ನಿಘಂಟು ಓದುಗ

ಲಂಡನ್ನಿನ ಪದವನ್ನು ಮೊದಲು ಮುಗಿಸುತ್ತೇನೆ. 1851ರಲ್ಲಿ ಹೆನ್ರಿ ಮೇಹ್ಯೂ ಲಂಡನ್ನಿನ ಬಡವರ ಬದುಕನ್ನು ದಾಖಲಿಸಿದಾಗ, ಸುಳ್ಳು ಕಷ್ಟಗಳನ್ನು ಬಣ್ಣಿಸಿ ಭಿಕ್ಷೆಯ ಅರ್ಜಿಗಳನ್ನೂ ಖೋಟಾ ಪ್ರಮಾಣಪತ್ರಗಳನ್ನೂ ಬರೆದು ಮಾರುವವರನ್ನು ಈ ಹೆಸರಿನಿಂದ ಗುರುತಿಸಿದ. ಕಲ್ಲುಹಾಸಿನ ಚಿತ್ರಗಾರರಿಗೂ ಅದೇ ಹೆಸರು ಅಂಟಿಕೊಂಡಿತು. ಸಂತೆ, ಸರ್ಕಸ್ಸು, ಬೀದಿ ಆಟಗಳವರ ಗುಪ್ತನುಡಿಯಲ್ಲಿ ಇಟಾಲಿಯನ್ ಪದಗಳು ಹೇರಳವಾಗಿದ್ದವು, ಆದ್ದರಿಂದ ಇದನ್ನು ಇಟಾಲಿಯನ್ನಿನ ‘ಸ್ಕ್ರಿವೆರೆ’ ಪದದಿಂದ ಬಂದದ್ದೆಂದು ವಿವರಿಸುತ್ತಾರೆ. ಅಜ್ಜಿ ಲ್ಯಾಟಿನ್ನೇ, ಆದರೆ ಲಂಡನ್ನಿನ ಮೊಮ್ಮಗ ಎಡಿನ್‌ಬರೋ ದಾರಿಯಲ್ಲಿ ಬಂದವನಲ್ಲ.

ನಿಮ್ಮ ಮುಖ್ಯ ಪ್ರಶ್ನೆಯಲ್ಲಿ ಹುರುಳಿದೆ. 15ನೇ ಶತಮಾನದಲ್ಲಿ ಸ್ಕಾಟ್ಲೆಂಡಿನ ಸಂಸತ್ತಿನ ಕಾಯಿದೆಗಳನ್ನು ಸ್ಕಾಟ್ಸ್ ನುಡಿಯಲ್ಲಿ ಬರೆಯುತ್ತಿದ್ದರು. 1513ರಲ್ಲಿ ಗ್ಯಾವಿನ್ ಡಗ್ಲಾಸ್ ಲ್ಯಾಟಿನ್ ಕವಿ ವರ್ಜಿಲ್‌ನ ಮಹಾಕಾವ್ಯವನ್ನು ಪೂರ್ತಿಯಾಗಿ ಸ್ಕಾಟ್ಸ್‌ಗೆ ತಂದ. ಆಡಳಿತ, ಕಾವ್ಯ, ವ್ಯವಹಾರ ಎಲ್ಲಕ್ಕೂ ಸಲ್ಲುತ್ತಿದ್ದ ಅಂತಹ ನುಡಿ, 1560ರ ಧರ್ಮಸುಧಾರಣೆಯ ಬಳಿಕ ಇಂಗ್ಲಿಷ್ ಬೈಬಲ್ ಚರ್ಚುಗಳಿಗೆ ಬಂದುದರಿಂದಲೂ, 1603ರಲ್ಲಿ ಸ್ಕಾಟ್ಲೆಂಡಿನ ದೊರೆ ಇಂಗ್ಲೆಂಡಿಗೂ ದೊರೆಯಾಗಿ ಲಂಡನ್ನಿಗೆ ಹೋದುದರಿಂದಲೂ, 1707ರಲ್ಲಿ ಸಂಸತ್ತೇ ಅಲ್ಲಿಗೆ ವಿಲೀನವಾದುದರಿಂದಲೂ ಗಂಭೀರ ಗದ್ಯದ ಸ್ಥಾನವನ್ನು ಕಳೆದುಕೊಂಡಿತು. ಹಾಡು, ಹಾಸ್ಯ, ಮನೆಮಾತುಗಳಲ್ಲಿ ಅದು ಉಳಿಯಿತು. ಇಂಗ್ಲಿಷಿನೊಂದಿಗೆ ಹಂಚಿಕೊಂಡ ‘ರೈಟ್’ ಪದ ಆಗ ಓದುಗರಿಗೆ ಕೇವಲ ಇಂಗ್ಲಿಷಾಗಿ ಕಾಣತೊಡಗಿತು. ನನ್ನ ದೃಷ್ಟಿಯಲ್ಲಿ ‘ಸ್ಕ್ರೀವ್’ ಪದದ ಏಳಿಗೆಗೆ ಕಾರಣ ಇದೇ. ಅದು ಹಳೆಯದೆಂಬುದಕ್ಕಿಂತಲೂ, ಇಂಗ್ಲಿಷಿನಲ್ಲಿ ಇಲ್ಲವೆಂಬುದೇ ಅದರ ಬಲವಾಯಿತು.

1920ರ ದಶಕದಲ್ಲಿ ಹ್ಯೂ ಮ್ಯಾಕ್‌ಡಯಾರ್ಮಿಡ್ ಎಂಬ ಕಾವ್ಯನಾಮದ ಕ್ರಿಸ್ಟೋಫರ್ ಮರೇ ಗ್ರೀವ್ ಮತ್ತೆ ಗಂಭೀರ ಕಾವ್ಯಕ್ಕೆ ಸ್ಕಾಟ್ಸ್ ಬಳಸಲು ತೊಡಗಿದಾಗ, 1808ರ ಜಾನ್ ಜೇಮಿಸನ್ನನ ನಿಘಂಟಿನಿಂದ ಪದಗಳನ್ನು ಹೆಕ್ಕಿದ. ಒಂದೇ ಊರಿನ ಮಾತಾಗದೆ ಎಲ್ಲ ಕಾಲ, ಎಲ್ಲ ಪ್ರದೇಶಗಳ ಪದಗಳನ್ನು ಕೂಡಿಸಿ ಕಟ್ಟಿದ ಆ ನುಡಿಯನ್ನು ಕೆಲವರು ಕೃತಕವೆಂದು ಜರೆದರು, ಕೆಲವರು ಸ್ಕಾಟಿಷ್ ನವೋದಯವೆಂದು ಕೊಂಡಾಡಿದರು. ಆ ಬಗೆಯ ಬರಹಗಾರರ ಕೈಯಲ್ಲಿ ‘ಸ್ಕ್ರೀವ್’ ಪದವು ಗೀಚುವ ಅರ್ಥದಿಂದ ಮೇಲೇರಿ ರಚಿಸು ಎಂಬ ಅರ್ಥಕ್ಕೆ ಬಂದು ನಿಂತಿತು. ಇದನ್ನು ನಾನು ದೋಷವೆನ್ನುವುದಿಲ್ಲ. ಆದರೆ ‘ಪ್ರಾಚೀನ ಕಾಲದಿಂದ ಸ್ಕಾಟರು ಬರೆಯುವುದನ್ನು ಹೀಗೆ ಕರೆದರು’ ಎಂದು ಹೇಳುವ ಲೇಖನಗಳನ್ನು ನಂಬಬೇಡಿ.

ನಿಘಂಟಿನಿಂದ ಪದ ಹೆಕ್ಕುವುದಕ್ಕೂ ಒಂದು ಮಿತಿಯಿದೆ ಎಂಬುದಕ್ಕೆ ಇತ್ತೀಚಿನ ನಿದರ್ಶನ 2020ರದು. ಸ್ಕಾಟ್ಸ್ ವಿಕಿಪೀಡಿಯಾದ ಸಾವಿರಾರು ಲೇಖನಗಳನ್ನು ಆ ನುಡಿ ಬಾರದ ಅಮೆರಿಕದ ಹದಿಹರೆಯದವನೊಬ್ಬ, ಇಂಗ್ಲಿಷ್ ವಾಕ್ಯಗಳಲ್ಲಿ ಪದಗಳನ್ನಷ್ಟೇ ಬದಲಿಸಿ ಬರೆದಿದ್ದನೆಂದು ಆ ವರ್ಷದ ಆಗಸ್ಟ್‌ನಲ್ಲಿ ಬಯಲಾಯಿತು. ಮ್ಯಾಕ್‌ಡಯಾರ್ಮಿಡ್‌ನ ಕೈಯಲ್ಲೂ ನಿಘಂಟೇ ಇತ್ತು, ಆದರೆ ಗಡಿನಾಡಿನ ಲ್ಯಾಂಗಮ್ ಊರಿನಲ್ಲಿ ಕೇಳಿ ಬೆಳೆದ ಮಾತಿನ ಲಯ ಅವನ ಕಿವಿಯಲ್ಲಿತ್ತು.

ಉತ್ತರ 5 — ಅಬರ್ಡೀನ್ ನಿವಾಸಿ

ನಾನು ಉದ್ಯೋಗದ ನಿಮಿತ್ತ ಈಶಾನ್ಯ ಸ್ಕಾಟ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗ. ಇಲ್ಲಿನ ಮಾತನ್ನು ‘ಡೋರಿಕ್’ ಎನ್ನುತ್ತಾರೆ, ಅದು ಸ್ಕಾಟ್ಸ್ ನುಡಿಯ ಒಂದು ಪ್ರಾದೇಶಿಕ ರೂಪ. ಮೇಲಿನ ಚರ್ಚೆಯಲ್ಲಿ ‘ರೈಟ್’ ಪದವು ಇಂಗ್ಲಿಷಿನಂತೆ ಕಾಣುತ್ತದೆ ಎಂಬ ಮಾತು ಬಂತು. ಅದು ಬರವಣಿಗೆಯ ಮಟ್ಟಿಗೆ ನಿಜ, ಇಲ್ಲಿನ ಹಿರಿಯರ ಬಾಯಿಯಲ್ಲಿ ನಿಜವಲ್ಲ. ಇಂಗ್ಲಿಷಿನಲ್ಲಿ ಈ ಪದದ ಮೊದಲ ಅಕ್ಷರವಾದ ಡಬ್ಲ್ಯು ಮೌನವಾಗಿ ಹೋಗಿದೆ. ಇಲ್ಲಿ ಅದು ‘ವ’ ಆಗಿ ಉಳಿದಿದೆ. ಅವರು ‘ವ್ರೈಟ್’ ಎನ್ನುತ್ತಾರೆ, ತಪ್ಪು ಎಂಬ ಪದವನ್ನು ‘ವ್ರಾಂಗ್’ ಎನ್ನುತ್ತಾರೆ, ಬಡಗಿಯನ್ನು ‘ವ್ರಿಕ್ಟ್’ ಎನ್ನುತ್ತಾರೆ. ಹಳೆಯ ಇಂಗ್ಲಿಷಿನ ‘ವ್ರೀಟನ್’ ಪದದ ಆದ್ಯಕ್ಷರ ಲಂಡನ್ನಿನಲ್ಲಿ ಅಳಿದು ಅಬರ್ಡೀನ್‌ಷೈರಿನ ಹೊಲಗಳಲ್ಲಿ ಕೇಳಿಸುತ್ತಿದೆ. ಹಳೆಯ ಸ್ಕಾಟ್ಸ್ ಪದ ಬೇಕೆಂದು ಹುಡುಕುವವರು ಇದನ್ನೂ ಗಮನಿಸಬೇಕು ಎಂಬುದು ನನ್ನ ಕೋರಿಕೆ.

ಆದರೂ ನಿಘಂಟು ಓದುಗರ ಇನ್ನೊಂದು ಅಭಿಪ್ರಾಯಕ್ಕೆ ನನ್ನ ಅರೆಸಮ್ಮತಿ ಮಾತ್ರ ಇದೆ. ‘ಸ್ಕ್ರೀವ್’ ಆಯ್ದು ತಂದ ಪದವೆಂಬುದು ಚರಿತ್ರೆಯ ದೃಷ್ಟಿಯಿಂದ ಸರಿಯಿರಬಹುದು. ಇಂದು ಶಾಲೆಗಳ ಸ್ಕಾಟ್ಸ್ ಪಾಠಗಳಲ್ಲಿ, ಬರಹ ಸ್ಪರ್ಧೆಗಳ ಪ್ರಕಟಣೆಗಳಲ್ಲಿ, ನಿಯತಕಾಲಿಕೆಗಳಲ್ಲಿ ಅದು ಸಾಮಾನ್ಯ ಪದ. 2022ರ ಜನಗಣತಿಯಲ್ಲಿ ಸುಮಾರು 15 ಲಕ್ಷ ಜನರು ತಾವು ಸ್ಕಾಟ್ಸ್ ಮಾತನಾಡಬಲ್ಲೆವೆಂದು ದಾಖಲಿಸಿದ್ದಾರೆ, 2025ರಲ್ಲಿ ಅಂಗೀಕಾರವಾದ ಕಾಯಿದೆಯು ಗೇಲಿಕ್ ಜೊತೆಗೆ ಸ್ಕಾಟ್ಸ್ ನುಡಿಗೂ ಅಧಿಕೃತ ಮನ್ನಣೆ ನೀಡಿದೆ. ಮಾತನಾಡಬಲ್ಲವರಲ್ಲಿ ಬಹಳ ಮಂದಿಗೆ ತಮ್ಮ ಮಾತನ್ನು ಬರೆಯುವ ಅಭ್ಯಾಸವೇ ಇಲ್ಲ, ಏಕೆಂದರೆ ಅವರು ಕಲಿತ ಶಾಲೆಗಳಲ್ಲಿ ಅದನ್ನು ಕೆಟ್ಟ ಇಂಗ್ಲಿಷ್ ಎಂದು ತಿದ್ದುತ್ತಿದ್ದರು. ಅಂತಹವರ ಮುಂದೆ ‘ಸ್ಕ್ರೀವ್’ ಎಂಬ ಪದವನ್ನಿಟ್ಟಾಗ, ಸರಿಯಾದ ಕಾಗುಣಿತ ಯಾವುದೆಂಬ ಭಯವನ್ನು ಬಿಟ್ಟು ಸಲೀಸಾಗಿ ಬರೆಯಿರಿ ಎಂಬ ಆಹ್ವಾನ ಅದರಲ್ಲಿರುತ್ತದೆ. ಗ್ರಂಥಾಲಯದ ಮೊದಲ ಸ್ಕ್ರೀವರ್ ಆಗಿದ್ದ ಹೇಮಿಷ್ ಮ್ಯಾಕ್‌ಡೊನಾಲ್ಡ್ ಅವರ ಹೊಣೆಯಲ್ಲಿ ಸ್ವಂತ ರಚನೆಯಷ್ಟೇ ಅಲ್ಲದೆ ನಾಡಿನ ಬೇರೆ ಬೇರೆ ಕಡೆಗಳಲ್ಲಿ ಜನರಿಂದ ಸ್ಕಾಟ್ಸ್ ಬರೆಸುವ ಕೆಲಸವೂ ಸೇರಿತ್ತು. ಆ ಕೆಲಸಕ್ಕೆ ಹೇರಳವಾಗಿ ಬರೆಯುವುದೆಂಬ ಅರ್ಥದ ಪದ ತಕ್ಕದ್ದೇ ಆಗಿದೆ.

ಕಾವ್ಯಾಸಕ್ತರು ಮುಂದೆ ಓದುವಾಗ ಉಪಯೋಗವಾಗಲೆಂದು ಒಂದು ಸೂಚನೆ. ಹಳೆಯ ಸ್ಕಾಟ್ಸ್ ನಿಘಂಟಿನ 12 ಸಂಪುಟಗಳೂ 1700ರ ನಂತರದ ನುಡಿಯನ್ನು ಒಳಗೊಂಡ ರಾಷ್ಟ್ರೀಯ ನಿಘಂಟಿನ 10 ಸಂಪುಟಗಳೂ 2004ರಿಂದ ಒಂದೇ ಜಾಲತಾಣದಲ್ಲಿ ಉಚಿತವಾಗಿ ದೊರೆಯುತ್ತಿವೆ. ಹುಡುಕುವಾಗ ‘ಸ್ಕ್ರೀವ್’ ಎಂಬ ಇಂದಿನ ಕಾಗುಣಿತವನ್ನಷ್ಟೇ ನೆಚ್ಚದೆ, ‘ಸ್ಕ್ರೈವ್’ ಎಂದು ಓದಬಹುದಾದ ಹಳೆಯ ಕಾಗುಣಿತವನ್ನೂ ಹಾಕಿ ನೋಡಿ. ಬರ್ನ್ಸ್‌ನ ‘ಡಿಸ್ಕ್ರೈವ್’ ಪದದ ನಂಟರು ಸಿಗುವುದು ಆ ಕಡೆಯಲ್ಲಿ.